ಹಲಗೆ ಉಂಟು, ಕೋಣ ಎಲ್ಲಿ?

ನಗಬೇಕೆಂದು ನನ್ನ ಅಂಗಡಿಗೆ ಬಂದವರು ಯಾರೂ ಇಲ್ಲ. ಎಲ್ಲರೂ ಮುಖ ಗಂಟು ಹಾಕಿಕೊಂಡು, ಗೆಲ್ಲಲೇಬೇಕು ಎಂದು ಬಂದವರೇ. ಆದರೂ ಯಾರೋ ಒಬ್ಬರು ಏನೋ ಒಂದು ಮಾಡುವುದು, ಉಳಿದವರು ಹೊಟ್ಟೆ ಹಿಡಿದುಕೊಂಡು ಹೊರಗೆ ಹೋಗುವುದು, ಇದು ಮಾತ್ರ ತಪ್ಪುತ್ತಿರಲಿಲ್ಲ.

ಎಂಬತ್ತರ ದಶಕದ ಕೊನೆಯ ಮಾತು. ಕದ್ರಿಯಿಂದ ಕೆಳಗಿಳಿಯುವ ರಸ್ತೆಯಲ್ಲಿ, ಸಿಟಿ ಬಸ್ಸು ನಿಲ್ಲುವಲ್ಲೇ ನನ್ನದೊಂದು ವಿಡಿಯೋ ಗೇಮ್ ಅಂಗಡಿ ಇತ್ತು. ಅಂಗಡಿ ಎಂದರೆ ಒಂದು ಕೋಣೆ, ಒಂದು ಯಂತ್ರ. ಯಂತ್ರ ಕಪಾಟಿನಷ್ಟು ಎತ್ತರ. ಗಲ್ಫಿನಲ್ಲಿದ್ದು ಬಂದ ನನ್ನ ಬ್ಯಾರಿ ಗೆಳೆಯ ಅದನ್ನು ಬೊಂಬಾಯಿಯಿಂದ ಲಾರಿಯಲ್ಲಿ ತರಿಸಿದ್ದ. ನಾವಿಬ್ಬರೂ ಪಾಲುದಾರರು. ಗುಂಡು ಹೊಡೆಯುವ ಆಟ, ಕಾರು ಓಡಿಸುವ ಆಟ ಊರಿನಲ್ಲಿ ಬೇರೆ ಕಡೆಯೂ ಇದ್ದವು. ಸ್ಕೇಟ್‌ಬೋರ್ಡಿನ ಆಟ ನಮ್ಮಲ್ಲಿ ಮಾತ್ರ. ಇದನ್ನು ಹೇಳುವಾಗ ಈಗಲೂ ನನ್ನ ಬೆನ್ನು ತಾನಾಗಿ ನೆಟ್ಟಗಾಗುತ್ತದೆ.

ಪರದೆಯ ಮೇಲೆ ಒಂದು ಪರದೇಶದ ಪೇಟೆ. ಅದರ ಬೀದಿಗಳಲ್ಲಿ ಚಡ್ಡಿ ಹಾಕಿದ ಒಬ್ಬ ಹುಡುಗ, ಚಕ್ರವಿರುವ ಹಲಗೆಯ ಮೇಲೆ ನಿಂತು ಜಾರುತ್ತಾ ಹೋಗುತ್ತಾನೆ. ಪೇಟೆಯ ನಾಲ್ಕು ಮೂಲೆಯಲ್ಲಿ ನಾಲ್ಕು ಪಾರ್ಕು. ಒಂದರಲ್ಲಿ ದೊಡ್ಡ ಚರಂಡಿಯಂಥ ಗುಂಡಿಯಲ್ಲಿ ಆಚೆ ಈಚೆ ಹಾರಬೇಕು, ಒಂದರಲ್ಲಿ ಇಳಿಜಾರು ಇಳಿಯಬೇಕು, ಒಂದರಲ್ಲಿ ಕಂಬಗಳ ನಡುವೆ ನುಸುಳಬೇಕು, ಇನ್ನೊಂದರಲ್ಲಿ ಹಾರಿ ಹೋಗಿ ಗುರಿಯ ಮೇಲೆ ಬೀಳಬೇಕು. ಪಾರ್ಕಿನ ಒಳಗೆ ಹೋಗಲು ಟಿಕೆಟು ಬೇಕು, ಟಿಕೆಟಿಗೆ ಪಾಯಿಂಟು ಬೇಕು. ದಾರಿಯಲ್ಲಿ ಹೆಲ್ಮೆಟು, ಬೂಟು ಮಾರುವ ಅಂಗಡಿಗಳೂ ಉಂಟು. ಬೀದಿಯಲ್ಲೇ ಕಾಲ ಕಳೆದರೆ ಹುಳಗಳ ಹಿಂಡು ಬಂದು ಅಟ್ಟಿಸಿಕೊಂಡು ಹೋಗಿ ಕಚ್ಚುತ್ತದೆ, ಆಟ ಮುಗಿಯುತ್ತದೆ. ಹುಡುಗನನ್ನು ತಿರುಗಿಸಲು ಒಂದು ಹಿಡಿ ಇತ್ತು. ಬೇರೆ ಯಂತ್ರಗಳ ಹಾಗೆ ಅದು ಅತ್ತ ಇತ್ತ ಬಾಗುತ್ತಿರಲಿಲ್ಲ, ಗುಂಡಗೆ ಸುತ್ತು ಮಾತ್ರ ಹಾಕುತ್ತಿತ್ತು. ಗಾಳಿಯಲ್ಲಿ ಎರಡು ಸುತ್ತು ತಿರುಗಿ ಸರಿಯಾಗಿ ಇಳಿದವನು ನಮ್ಮ ಪೇಟೆಯಲ್ಲಿ ಆ ದಿನದ ಮಟ್ಟಿಗೆ ದೊಡ್ಡ ಜನ.

ಒಂದೇ ತೊಂದರೆ. ಯಂತ್ರ ನಮ್ಮದು, ಕೋಣೆ ಮಾವನದ್ದು. ನಮ್ಮಲ್ಲಿ ತಾಯಿಯ ಅಣ್ಣನದ್ದೇ ಯಜಮಾನಿಕೆ. ಹೋಟೆಲ್ ಇಡುತ್ತಾನೆ ಎಂದು ಅವರು ಕೊಟ್ಟ ಕೋಣೆಯಲ್ಲಿ ನಾನು ಆಟ ಇಟ್ಟೆ. ಸುದ್ದಿ ಮುಟ್ಟಿದ ಕೂಡಲೇ ಊರಿನಿಂದ ಹೇಳಿ ಕಳಿಸಿದರು: "ದೀಪಾವಳಿಗೆ ಬರ್ತೇನೆ. ನೋಡಿ ಮನಸ್ಸಿಗೆ ಬಾರದಿದ್ದರೆ ಬೀಗ ಹಾಕ್ತೇನೆ. ಆಟದ ಅಂಗಡಿಯವನಿಗೆ ಹೆಣ್ಣು ಯಾರು ಕೊಡ್ತಾರೆ?" ಅಂಗಡಿ, ಮದುವೆ ಎರಡೂ ಒಂದೇ ಬೀಗಕ್ಕೆ ನೇತುಬಿದ್ದವು.

(ಮಾತುಗಳೆಲ್ಲ ತುಳು, ಬ್ಯಾರಿ, ಕನ್ನಡ ಕಲಸಿ ಆದವು. ಇಲ್ಲಿ ನಮ್ಮ ಊರಿನ ಕನ್ನಡದಲ್ಲಿ ಹೇಳುತ್ತೇನೆ.)

ನಿಂಬೆಹಣ್ಣು

ಆಯುಧಪೂಜೆಗೆ ಭಟ್ಟರನ್ನು ಕರೆದೆ. ಅವರು ಯಂತ್ರದ ಸುತ್ತ ಒಂದು ಬಾರಿ ನಡೆದು ನೋಡಿ, "ಇದು ಯಂತ್ರವಾ, ವಾಹನವಾ?" ಎಂದು ಕೇಳಿದರು. ಮಂತ್ರ ಬೇರೆ ಬೇರೆ ಉಂಟಂತೆ.

"ಹೊರಗಿನಿಂದ ಯಂತ್ರ ಭಟ್ರೇ, ಒಳಗೆ ವಾಹನ ಉಂಟು" ಎಂದ ನನ್ನ ಪಾಲುದಾರ, ಕೈಕಟ್ಟಿ ನಿಂತಿದ್ದವ.

"ಹಾಗಾದರೆ ಎರಡೂ ಮಾಡುವ" ಎಂದು ಭಟ್ಟರು ಶುರು ಮಾಡಿದರು. ಹಿಡಿಗೆ ಕುಂಕುಮ, ನೆತ್ತಿಗೆ ಹೂವಿನ ಮಾಲೆ, ಎಲ್ಲ ಆಯಿತು. ಕೊನೆಗೆ ಚಕ್ರದ ಅಡಿಗೆ ನಿಂಬೆಹಣ್ಣು ಇಡಬೇಕು. ಚಕ್ರ ಇರುವುದು ಗಾಜಿನ ಆಚೆ. ಭಟ್ಟರು ಬಿಡುವವರಲ್ಲ. "ಗಾಡಿ ಬರಲಿ" ಎಂದು ನಿಂಬೆಹಣ್ಣನ್ನು ಗಾಜಿಗೆ ಒತ್ತಿ ಹಿಡಿದು ಕಾದರು. ಯಾರೂ ಆಡದಿದ್ದಾಗ ಹುಡುಗ ತನ್ನಷ್ಟಕ್ಕೆ ಆಡಿ ತೋರಿಸುತ್ತಿದ್ದ. ಅವನು ಎಡಗಡೆಯಿಂದ ಬಂದ. ಭಟ್ಟರು ನಿಂಬೆಹಣ್ಣನ್ನು ಎಡಕ್ಕೆ ಒಯ್ಯುವಷ್ಟರಲ್ಲಿ ಬಲಕ್ಕೆ ಹೋದ. ಬಲಕ್ಕೆ ಒಯ್ಯುವಷ್ಟರಲ್ಲಿ ಗೋಡೆಗೆ ಬಡಿದು ಅಂಗಾತ ಬಿದ್ದ.

ಭಟ್ಟರು ನಿಂಬೆಹಣ್ಣು ನನ್ನ ಕೈಗೆ ಕೊಟ್ಟು, "ನೋಡಿ, ಪೂಜೆ ಆಗದೆ ಗಾಡಿ ತೆಗೆದದ್ದಕ್ಕೆ ಹೀಗಾದದ್ದು" ಎಂದರು.

ಉಮ್ಮನ ತೀರ್ಪು

ನನ್ನ ಪಾಲುದಾರನ ತಾಯಿ, ನಾವೆಲ್ಲ ಉಮ್ಮ ಎನ್ನುತ್ತಿದ್ದೆವು, ಮಗ ಎಂತ ವ್ಯಾಪಾರ ಮಾಡುತ್ತಾನೆ ನೋಡುವ ಎಂದು ಒಂದು ದಿನ ಕೊಡೆ ಹಿಡಿದುಕೊಂಡು ಬಂದರು. ಕುರ್ಚಿ ಕೊಟ್ಟೆ. ಕುಳಿತು ನೋಡಿದರು. ಕಾಲೇಜಿನ ಹುಡುಗರು ಆಡುತ್ತಿದ್ದರು, ಒಬ್ಬನಾದ ಮೇಲೆ ಒಬ್ಬ ಹುಳ ಕಚ್ಚಿಸಿಕೊಂಡು ಸೋಲುತ್ತಿದ್ದರು. ಆ ಹುಳ ಯಾವಾಗ ಬರುತ್ತದೆ, ಯಾಕೆ ಬರುತ್ತದೆ ಎನ್ನುವುದು ಆಗ ನಮಗ್ಯಾರಿಗೂ ಗೊತ್ತಿರಲಿಲ್ಲ. ಯಂತ್ರದ ಮೇಲೆ ಇಂಗ್ಲಿಷಿನಲ್ಲಿ ಬರೆದದ್ದನ್ನು ಪ್ರಯಾಣದಲ್ಲಿ ಯಾರೋ ಕೆರೆದು ತೆಗೆದಿದ್ದರು.

ಉಮ್ಮ ಎದ್ದು ನಿಂತು ಹೇಳಿದರು: "ಅವನು ಪಾರ್ಕಿನ ಒಳಗೆ ಇರುವಾಗ ಹುಳ ಬರುವುದಿಲ್ಲ. ಕೆಲಸ ಇಲ್ಲದೆ ಬೀದಿ ಸುತ್ತುವಾಗ ಮಾತ್ರ ಬರ್ತದೆ. ಇಷ್ಟು ಗೊತ್ತಾಗುವುದಿಲ್ಲವಾ ನಿಮಗೆ?"

ಹುಡುಗರು ಬಾಯಿ ಬಿಟ್ಟು ನೋಡಿದರು. ಉಮ್ಮ ಹಿಡಿಯನ್ನು ಒಮ್ಮೆ ಮುಟ್ಟಿ ತಿರುಗಿಸಿದರು. "ಇದು ಮಸಾಲೆ ಕಡೆಯುವ ಕಲ್ಲಿನ ಹಾಗೆಯೇ ಅಲ್ಲವಾ? ಗಂಡಸರಿಗೆ ಎಲ್ಲಿಂದ ಬರಬೇಕು!" ಎಂದು ಕೊಡೆ ಬಿಡಿಸಿದರು. ಮಗ ಹೆಮ್ಮೆಯಿಂದ ಬಾಗಿಲವರೆಗೆ ಬಿಟ್ಟು ಬರಲು ಹೋದ.

ಬಾಗಿಲಲ್ಲಿ ತಿರುಗಿ ನಿಂತು ಅವನಿಗೆ ಮಾತ್ರ ಹೇಳಿದರು: "ಆ ಹುಳ ನನಗೂ ನಾಲ್ಕು ಬೇಕಿತ್ತು ಮಗ, ನೀನು ಸಣ್ಣದಿರುವಾಗ."

ಸೀಟಿ

ನಮ್ಮ ಮೊದಲ ಶೂರ ಒಬ್ಬ ಸಿಟಿ ಬಸ್ಸಿನ ಕಂಡಕ್ಟರ್. ಬಸ್ಸು ನಮ್ಮ ಅಂಗಡಿಯ ಎದುರು ಸ್ವಲ್ಪ ಹೊತ್ತು ನಿಲ್ಲುತ್ತಿತ್ತು. ಆ ಸ್ವಲ್ಪ ಹೊತ್ತಿನಲ್ಲಿ ಅವನು ಓಡಿ ಬಂದು ಒಂದು ಆಟ ಮುಗಿಸಿ ಹೋಗುತ್ತಿದ್ದ. ಟಿಕೆಟು ಮುಗಿಯದಂತೆ ನೋಡಿಕೊಳ್ಳುವುದರಲ್ಲಿ ಅವನನ್ನು ಮೀರಿಸುವವರಿಲ್ಲ, ಅದು ಹೊಟ್ಟೆಪಾಡಿನ ಅಭ್ಯಾಸ. ಮೇಲಿನ ಹತ್ತು ಸ್ಥಾನದಲ್ಲಿ ಹೆಚ್ಚಿನವು ಅವನವೇ. ಆದರೆ ನಮ್ಮ ಯಂತ್ರಕ್ಕೆ ಮರೆವು. ಕರೆಂಟು ಹೋದರೆ ಎಲ್ಲ ಹೆಸರೂ ಅಳಿಸಿಹೋಗಿ, ಬಂದಾಗ ಕಾರ್ಖಾನೆಯವರು ಹಾಕಿದ ಹೆಸರುಗಳೇ ಇರುತ್ತಿದ್ದವು. ಅವನು ಮತ್ತೆ ಮೊದಲಿನಿಂದ ಶುರು ಮಾಡುತ್ತಿದ್ದ.

ಆ ದಿನ ಬಸ್ಸು ತುಂಬ ಜನ. ಕಂಡಕ್ಟರ್ ಹಿಡಿ ಸುತ್ತಿಸುತ್ತಿದ್ದಾನೆ, ಸೀಟಿ ಬಾಯಲ್ಲೇ ಉಂಟು. ಹುಡುಗ ಗುಂಡಿಯಿಂದ ಮೇಲೆ ಹಾರಿದ. ಒಂದು ಸುತ್ತು. ಎರಡನೇ ಸುತ್ತು. ಇಳಿದ, ಬೀಳಲಿಲ್ಲ! ಕಂಡಕ್ಟರ್ ಖುಷಿ ತಡೆಯಲಾಗದೆ ಎರಡು ಸಲ ಸೀಟಿ ಊದಿದ.

ಎರಡು ಸೀಟಿ ಎಂದರೆ ಹೊರಡು. ಹೊರಗೆ ಡ್ರೈವರ್ ಗೇರು ಹಾಕಿ ಹೊರಟೇಬಿಟ್ಟ. ನಂತೂರು ಮುಟ್ಟುವವರೆಗೂ ಹಿಂದೆ ಕಂಡಕ್ಟರ್ ಇಲ್ಲವೆಂದು ಅವನಿಗೆ ಗೊತ್ತಿಲ್ಲ. ಗೊತ್ತಿದ್ದ ಪ್ರಯಾಣಿಕರು ಯಾರೂ ಹೇಳಲಿಲ್ಲ. ಇವನು ಹೊರಗೆ ಓಡಿ, ಎದೆ ಬಡಿದುಕೊಂಡು, ಹಿಂದಿನಿಂದ ಬಂದ ಇನ್ನೊಂದು ಬಸ್ಸಿಗೆ ನೇತುಬಿದ್ದ.

ಆ ಬಸ್ಸಿನ ಕಂಡಕ್ಟರ್ ಇವನ ಖಾಕಿ ಅಂಗಿಯನ್ನು ಮೇಲಿಂದ ಕೆಳಗೆ ನೋಡಿ, ಕೈ ಚಾಚಿ, "ಟಿಕೆಟ್" ಎಂದ.

ಮಾವ ಬಂದರು

ದೀಪಾವಳಿಗೆ ಮಾವ ಬಂದರು. ಬಿಳಿ ಪಂಚೆ, ಊರುಗೋಲು, ಬಗಲಲ್ಲಿ ಚೀಲ. ಒಳಗೆ ಬಂದವರೇ ಚೀಲದಿಂದ ಒಂದು ಹಿತ್ತಾಳೆ ಬೀಗ ತೆಗೆದು ನನ್ನ ಮೇಜಿನ ಮೇಲೆ ಇಟ್ಟರು. ಕಂಡಕ್ಟರ್ ಆಡುತ್ತಿದ್ದ. ಮಾವ ಅವನ ಹೆಗಲ ಮೇಲಿನಿಂದ ಬಗ್ಗಿ ನೋಡಿದರು.

"ಇದು ಎಂತದು, ಹಲಗೆಯಾ?"

"ಹೌದು ಮಾವ, ಹಲಗೆಯೇ."

"ಹಲಗೆಯ ಮೇಲೆ ನಿಂತು ಓಡುವುದಾ?"

"ಹೌದು ಮಾವ."

ಮಾವನ ಮುಖ ಬದಲಾಯಿತು. ಅವರ ಮನೆಯಲ್ಲಿ ಅಜ್ಜನ ಕಾಲದಿಂದ ಕಂಬಳದ ಕೋಣಗಳು. ಕಂಬಳದಲ್ಲಿ ಒಂದು ಬಗೆಯ ಓಟ ಉಂಟು. ಓಡಿಸುವವ ಕೋಣಗಳ ಹಿಂದೆ ಕಟ್ಟಿದ ಹಲಗೆಯ ಮೇಲೆ ಕಾಲೂರಿ ನಿಲ್ಲಬೇಕು, ಕರೆ ಎನ್ನುವ ಕೆಸರುಗದ್ದೆಯ ನೀರನ್ನು ಚಿಮ್ಮಿಸಿ ಎತ್ತರದಲ್ಲಿ ಕಟ್ಟಿದ ಬಟ್ಟೆಗೆ ತಾಗಿಸಬೇಕು. ಆ ಬಟ್ಟೆಗೆ ನಿಶಾನೆ ಎನ್ನುತ್ತಾರೆ. ಆ ಓಟದಲ್ಲಿ ಮಾವನ ಕೋಣಗಳದ್ದು ಎತ್ತಿದ ಕೈ.

ಅಷ್ಟರಲ್ಲಿ ಪರದೆಯ ಹುಡುಗ ಹಾರುವ ಪಾರ್ಕಿಗೆ ಹೋಗಿದ್ದ. ಗುರಿ ಕಂಡದ್ದೇ ಮಾವ "ನಿಶಾನೆ!" ಎಂದು ಕೂಗಿದರು. "ಮೊಣಕಾಲು ಬಗ್ಗಿಸು! ಬಗ್ಗಿಸು ಮಾರಾಯ! ನೆಟ್ಟಗೆ ನಿಂತರೆ ಬೀಳ್ತಿ!" ಹುಡುಗ ಬಿದ್ದ. ಮಾವ ಊರುಗೋಲನ್ನು ನೆಲಕ್ಕೆ ಕುಟ್ಟಿದರು. "ನಾನು ಹೇಳಲಿಲ್ಲವಾ!"

ಮತ್ತೆ ಯಂತ್ರದ ಹಿಂದುಗಡೆ ಹೋಗಿ ಇಣುಕಿ ನೋಡಿದರು. ಈಚೆ ಬಂದು ನನ್ನನ್ನು ಕೇಳಿದರು: "ಹಲಗೆ ಉಂಟು, ಓಡಿಸುವವ ಉಂಟು, ನಿಶಾನೆ ಉಂಟು. ಕೋಣ ಎಲ್ಲಿ?"

ನನಗೆ ಮೇಜಿನ ಮೇಲಿನ ಬೀಗವೇ ಕಣ್ಣಿಗೆ ಕಾಣುತ್ತಿತ್ತು. ನನ್ನ ಪಾಲುದಾರ ಮುಂದೆ ಬಂದು ತುಂಬ ವಿನಯದಿಂದ ಹೇಳಿದ: "ಕೋಣ ಹಗ್ಗ ತುಂಡು ಮಾಡಿ ಮುಂದೆ ಓಡಿ ಆಯ್ತು ಧನಿಗಳೇ. ಹುಡುಗ ಅದನ್ನೇ ಹುಡುಕಿಕೊಂಡು ಇಡೀ ಪೇಟೆ ತಿರುಗುವುದು."

ಮಾವ ಪರದೆಯ ಮೂಲೆ ಮೂಲೆ ಹುಡುಕಿ ನೋಡಿದರು. ಬೀಗವನ್ನು ಚೀಲಕ್ಕೆ ಹಾಕಿಕೊಂಡರು.

"ಇವತ್ತು ಬೇಡ" ಎಂದರು. "ಸಿಗ್ತದೋ ನೋಡುವ."

ಹೆಸರು ಯಾರದ್ದು?

ಅಲ್ಲಿಂದ ಮಾವ ವಾರ ವಾರ ಬರತೊಡಗಿದರು. ಬೀಗ ಚೀಲದಲ್ಲೇ ಇರುತ್ತಿತ್ತು. ಹುಡುಗಿ ನಿಶ್ಚಯವಾಗುವವರೆಗೆ ಅದು ಹೊರಗೆ ಬರಬಹುದು ಎಂದು ಆಗಾಗ ನೆನಪಿಸುತ್ತಿದ್ದರು. ಒಂದು ದಿನ ಕಂಡಕ್ಟರ್ ಗೆದ್ದು, ಪರದೆಯಲ್ಲಿ ತನ್ನ ಹೆಸರಿನ ಮೂರು ಇಂಗ್ಲಿಷ್ ಅಕ್ಷರ ಹಾಕಿದ.

"ಇದು ಯಾರ ಹೆಸರು?" ಮಾವ ಕೇಳಿದರು.

"ನನ್ನದು ಧನಿಗಳೇ. ಓಡಿಸಿದವ ನಾನಲ್ಲವಾ?"

"ಕಂಬಳದಲ್ಲಿ ಕೋಣ ಗೆದ್ದರೆ ಮೈಕಿನಲ್ಲಿ ಮೊದಲು ಯಾರ ಹೆಸರು ಹೇಳ್ತಾರೆ? ಓಡಿಸಿದವನದ್ದಾ, ಕೋಣದ ಯಜಮಾನನದ್ದಾ?"

"ಯಜಮಾನರದ್ದು" ಎಂದ ಕಂಡಕ್ಟರ್, ಸಣ್ಣ ಸ್ವರದಲ್ಲಿ.

"ಕೋಣೆ ನನ್ನದು" ಎಂದರು ಮಾವ. ಅಷ್ಟೇ ಹೇಳಿದ್ದು.

ಆಮೇಲೆ ಯಾರು ಗೆದ್ದರೂ ಪರದೆಯಲ್ಲಿ ಮಾವನ ಮೂರು ಅಕ್ಷರ. ಒಂದರಿಂದ ಹತ್ತರವರೆಗೆ ಅದೇ. ಅವರು ಹಿಡಿ ಮುಟ್ಟಿದವರಲ್ಲ. ಯಜಮಾನ ಓಡಿಸುವುದಿಲ್ಲ, ಓಡಿಸುವುದನ್ನು ನೋಡುತ್ತಾನೆ. ಆದರೆ ಹೊಸದಾಗಿ ಬಂದವರಿಗೆ ಇದೆಲ್ಲ ಎಲ್ಲಿ ಗೊತ್ತು? "ಇಷ್ಟು ಆಡುವ ಈ ಜನ ಯಾರು?" ಎಂದು ಕೇಳುತ್ತಿದ್ದರು. ನಾನು ಮೂಲೆಯ ಕುರ್ಚಿಯಲ್ಲಿ ಊರುಗೋಲು ಹಿಡಿದು ಕುಳಿತ ಮಾವನನ್ನು ತೋರಿಸುತ್ತಿದ್ದೆ. ಸುಳ್ಳು ಹೇಳಿದ್ದಲ್ಲ, ಹೆಸರು ಅವರದ್ದೇ ತಾನೇ? ನನಗೂ ಒಳಗೊಳಗೆ ಜಂಬ. ಇಂಥ ಮಾವ ಊರಿನಲ್ಲಿ ಬೇರೆ ಯಾರಿಗೆ ಉಂಟು?

ಬಲ್ಮಠದ ಕಡೆಯಿಂದ ಬಂದ ಒಬ್ಬ ಕಾಲೇಜು ಹುಡುಗ, ಆಡುವ ಮೊದಲು ನೇರ ಹೋಗಿ ಅವರ ಕಾಲು ಮುಟ್ಟಿದ. ಮಾವ ಅವನ ತಲೆಯ ಮೇಲೆ ಕೈಯಿಟ್ಟು, ಗಂಭೀರವಾಗಿ, "ಹುಳದಿಂದ ಜಾಗ್ರತೆ" ಎಂದು ಹರಸಿದರು.

ಹೆಣ್ಣಿನ ಕಡೆಯವರು

ಕೊನೆಗೊಂದು ಸಂಬಂಧ ಬಂತು. ಹುಡುಗಿಗೆ ಪಂಪ್‌ವೆಲ್ ಕಡೆಯ ಒಂದು ಬ್ಯಾಂಕಿನಲ್ಲಿ ಕೆಲಸ. ಅವಳ ಮಾವನೂ ಕಂಬಳದವರು. ಅವರ ಕೋಣಗಳಿಗೂ ನಮ್ಮ ಮಾವನ ಕೋಣಗಳಿಗೂ ಹಳೆಯ ಪೈಪೋಟಿ. "ಹುಡುಗನ ವ್ಯಾಪಾರ ಕಣ್ಣಾರೆ ನೋಡ್ಬೇಕು" ಎಂದು ಅವರು ಹೇಳಿಕಳಿಸಿದ್ದರು. ನಮ್ಮ ಮಾವ ಬೆಳಿಗ್ಗೆಯೇ ಬಂದು ಬೀಗ ತೆಗೆದು ಮೇಜಿನ ಮೇಲಿಟ್ಟರು. "ಈ ಸಂಬಂಧ ತಪ್ಪಿದರೆ ಹೋಟೆಲೇ" ಎಂದರು.

ಶನಿವಾರ, ಬ್ಯಾಂಕಿಗೆ ಅರ್ಧ ದಿನ. ಹುಡುಗಿಯೂ ಬಂದಳು, ನೆಟ್ಟಗೆ ಬ್ಯಾಂಕಿನಿಂದ. ಅವಳ ಮಾವ ಪರದೆಯ ಹತ್ತು ಹೆಸರು ಓದಿ, ನಮ್ಮ ಮಾವನನ್ನು ನೋಡಿ, "ಎಲ್ಲ ನಿಮ್ಮದೇ?" ಎಂದರು. "ನಮ್ಮದೇ" ಎಂದರು ಇವರು, ಮೀಸೆಯಲ್ಲೇ ನಗುತ್ತಾ. ಅವಳ ಮಾವನ ಮುಖ ಹುಳ್ಳಗಾಯಿತು. ಸಂಬಂಧ ಇಲ್ಲಿಗೆ ಮುಗಿಯಿತು ಎಂದುಕೊಂಡೆ.

ಹುಡುಗಿ ನನ್ನನ್ನು ಕೇಳಿದಳು: "ನಾನೊಮ್ಮೆ ನೋಡ್ಬಹುದಾ?"

ಕೈಚೀಲವನ್ನು ನನ್ನ ಕೈಗೆ ಕೊಟ್ಟಳು. ಮುಂದಿನದ್ದೆಲ್ಲ ಆಗುವಾಗ ನಾನು ಅದನ್ನು ಹಿಡಿದುಕೊಂಡೇ ನಿಂತಿದ್ದೆ. ಮೊದಲ ಸಲ ಪರದೆಯ ಹುಡುಗ ಬಿದ್ದ, ಹುಳ ಕಚ್ಚಿತು. ಕಂಡಕ್ಟರ್ ಕನಿಕರದಿಂದ ತಲೆ ಆಡಿಸಿದ. ಅವಳು ಹಿಡಿಯನ್ನು ನಿಧಾನವಾಗಿ ಸುತ್ತಿಸಿ ನೋಡಿ, "ಓ, ಇದು ಕಡೆಯುವ ಕಲ್ಲು" ಎಂದಳು. ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

ಉಮ್ಮನ ಮಾತು ನೆನಪಾಯಿತು. ಎಂಥ ಕೈ ಅದು! ಎಲ್ಲೂ ಎಳೆಯದೆ, ಎಲ್ಲೂ ನಿಲ್ಲದೆ, ತೆಂಗಿನಕಾಯಿ ಮಸಾಲೆ ನುಣ್ಣಗಾಗುವಂತೆ ಒಂದೇ ಸಮ ತಿರುಗಿತು. ಹುಡುಗ ಹಾರಿದ, ಎರಡು ಸುತ್ತು ಹೊಡೆದ, ಇಳಿದ, ಮತ್ತೆ ಹಾರಿದ. ಕಂಬಗಳ ನಡುವೆ ಹಾವಿನ ಹಾಗೆ ಹೋದ. ಕಂಡಕ್ಟರಿನ ಬಾಯಿಂದ ಸೀಟಿ ಜಾರಿ ಎದೆಯ ಮೇಲೆ ನೇತಾಡಿತು. ಇಬ್ಬರು ಮಾವಂದಿರೂ ಒಟ್ಟಿಗೆ "ಮೊಣಕಾಲು ಬಗ್ಗಿಸು!" ಎಂದು ಕೂಗುತ್ತಿದ್ದರು. ಆಟ ಮುಗಿದಾಗ ಅವಳು ಎಲ್ಲರಿಗಿಂತ ಮೇಲೆ. ಮೂರು ಅಕ್ಷರ ಹಾಕಲು ಯಂತ್ರ ಕೇಳಿತು.

"ನನ್ನದು ಹಾಕು ಮಗಾ" ಎಂದರು ಅವಳ ಮಾವ. "ಓಡಿಸಿದವಳು ನಮ್ಮ ಮನೆಯವಳು."

"ಅದು ಹೇಗೆ?" ನಮ್ಮ ಮಾವ ಎದ್ದರು. "ಕೋಣ ನಮ್ಮದು, ಕರೆ ನಮ್ಮದು. ಹೆಸರು ಯಜಮಾನನದ್ದು. ಕಂಬಳದ ಕ್ರಮ ನಿಮಗೆ ನಾನು ಹೇಳ್ಬೇಕಾ?"

"ಕೋಣವಾ? ಎಲ್ಲಿ ಉಂಟು ಕೋಣ? ತೋರಿಸಿ!"

ನಮ್ಮ ಮಾವನನ್ನು ಕೇಳಬಾರದ ಪ್ರಶ್ನೆ ಅದೊಂದೇ. ಊರುಗೋಲು ಮೇಲೆದ್ದಿತು. ಹೆಸರು ಹಾಕಲು ಯಂತ್ರ ಕೊಟ್ಟ ಸಮಯ ಕಡಿಮೆಯಾಗುತ್ತಾ ಬಂತು. ಹುಡುಗಿ ಯಾರನ್ನೂ ಕೇಳದೆ ಮೂರು ಸಲ ಹಿಡಿ ಸುತ್ತಿಸಿ ಮೂರು ಅಕ್ಷರ ಹಾಕಿದಳು. ಪಕ್ಕದಲ್ಲಿದ್ದ ನಾನೊಬ್ಬ ನೋಡಿದೆ. ಮಾವಂದಿರಿಬ್ಬರೂ ತಿರುಗಿ ನೋಡುವಷ್ಟರಲ್ಲಿ ಕರೆಂಟು ಹೋಯಿತು.

"ಯಾರ ಹೆಸರು ಹಾಕಿದ್ದು?" ಇಬ್ಬರೂ ಒಟ್ಟಿಗೆ ಕೇಳಿದರು.

"ಕರೆಂಟು ಬಂದ ಮೇಲೆ ನೋಡಿ" ಎಂದು ಅವಳು ಕೈಚೀಲ ವಾಪಸು ತೆಗೆದುಕೊಂಡು ಮನೆಗೆ ಹೊರಟಳು.

ಇಬ್ಬರೂ ಕಾದು ಕುಳಿತರು. ನನ್ನ ಪಾಲುದಾರ ಶರಬತ್ತು ತರಿಸಿಕೊಟ್ಟ. ಕಾಯುವಾಗ ಮಾತಾಡದೆ ಹೇಗೆ? ಕೋಣಗಳ ಮಾತು ಬಂತು, ಕೋಣಗಳ ಅಪ್ಪಂದಿರ ಮಾತು ಬಂತು, ಮದುವೆಯ ಮಾತೂ ಬಂತು. ಕರೆಂಟು ಬಂದಾಗ ಪರದೆಯ ಮೇಲೆ ಕಾರ್ಖಾನೆಯವರ ಹೆಸರುಗಳು ಮಾತ್ರ ಇದ್ದವು. ಈಗ ಇಬ್ಬರೂ ತಿರುಗಿದ್ದು ನನ್ನ ಕಡೆ. ನಮ್ಮ ಮಾವನ ಹೆಸರು ಎಂದರೆ ಹುಡುಗಿ ಹೋಗುತ್ತಾಳೆ, ಅವಳ ಮಾವನ ಹೆಸರು ಎಂದರೆ ಅಂಗಡಿ ಹೋಗುತ್ತದೆ. ಬೀಗ ಮೇಜಿನ ಮೇಲೆಯೇ ಉಂಟು.

ನಾನು ನಮ್ಮ ಮಾವನನ್ನು ಹೊರಗೆ ಕರೆದು ಕಿವಿಯಲ್ಲಿ ಹೇಳಿದೆ: "ನಿಮ್ಮದೇ ಮಾವ. ಪಾಪ, ಅವರಿಗೆ ಹೇಳ್ಬೇಡಿ, ಬೇಜಾರಾಗ್ತದೆ." ಆಮೇಲೆ ಅವಳ ಮಾವನನ್ನು ಹೊರಗೆ ಕರೆದು ಅದನ್ನೇ ಹೇಳಿದೆ. ಇಬ್ಬರೂ ದೊಡ್ಡ ಮನಸ್ಸು ಮಾಡಿ ಒಪ್ಪಿದರು. ಬೀಗ ಚೀಲಕ್ಕೆ ಹೋದದ್ದು ಮತ್ತೆ ಹೊರಗೆ ಬರಲಿಲ್ಲ. ಮದುವೆಯ ದಿನ ಇಬ್ಬರೂ ಅಕ್ಕಪಕ್ಕ ಕುಳಿತು, ಒಬ್ಬರನ್ನೊಬ್ಬರು ಕನಿಕರದಿಂದ ನೋಡಿಕೊಳ್ಳುತ್ತಿದ್ದರು.

ನಿಜವಾಗಿ ಅವಳು ಹಾಕಿದ್ದು ತನ್ನದೇ ಮೂರು ಅಕ್ಷರ. ಮದುವೆಯಾದ ಮೇಲೆ ಯಾಕೆ ಎಂದು ಕೇಳಿದೆ. "ಇಷ್ಟು ವರ್ಷ ಕಡೆಯುವ ಕಲ್ಲು ತಿರುಗಿಸಿದೆ. ಅದರಲ್ಲಿ ಹೆಸರು ಹಾಕ್ಲಿಕ್ಕೆ ಜಾಗ ಇರ್ಲಿಲ್ಲ. ಇದರಲ್ಲಿ ಇತ್ತು" ಎಂದಳು.

ಇಂಥ ಹೆಂಡತಿಯನ್ನು ಕಲ್ಲಿನ ಮುಂದೆ ಕೂರಿಸುವುದಕ್ಕೆ ನನಗೆ ಮನಸ್ಸು ಬರಲಿಲ್ಲ. ಅದೇ ತಿಂಗಳು ಕರೆಂಟಿನ ಗ್ರೈಂಡರ್ ತಂದೆ. ಅವಳು ಪಾತ್ರೆಗಳಿಗೆ ಹೆಸರು ಕೊರೆಯುವವನನ್ನು ಕರೆಸಿ, ಗ್ರೈಂಡರಿನ ಸ್ಟೀಲಿನ ಮೇಲೆ ಮೂರು ದೊಡ್ಡ ಅಕ್ಷರ ಕೊರೆಸಿದಳು.

ಒಂದು ಭಾನುವಾರ ನಮ್ಮ ಮಾವ ಊಟಕ್ಕೆ ಬಂದರು. ನೀರುದೋಸೆ, ಕೋಳಿ ಸಾರು. ಅಡಿಗೆಮನೆಯಲ್ಲಿ ಗ್ರೈಂಡರ್ ಕಂಡು, ಹತ್ತಿರ ಹೋಗಿ, ಬಗ್ಗಿ ಓದಿದರು. ಊರುಗೋಲಿನಿಂದ ಆ ಅಕ್ಷರಗಳನ್ನು ತೋರಿಸಿ, "ಇದು ಯಾರ ಹೆಸರು?" ಎಂದು ಕೇಳಿದರು.

ಅವಳು ದೋಸೆ ಮಗುಚುತ್ತಾ, ತಿರುಗಿಯೂ ನೋಡದೆ ಹೇಳಿದಳು: "ಓಡಿಸುವವರದ್ದು ಮಾವ."

ಮಾವ ಊರುಗೋಲು ಕೆಳಗಿಳಿಸಿದರು. ಬಂದು ಮಣೆಯ ಮೇಲೆ ಕುಳಿತರು. ಬಟ್ಟಲು ಮುಂದೆ ತಳ್ಳಿ, ನನಗೆ ಮಾತ್ರ ಕೇಳುವ ಹಾಗೆ, "ಕೋಣ ಸಿಕ್ಕಿತು ಮಾರಾಯ" ಎಂದು ನನ್ನನ್ನೇ ನೋಡಿದರು.